ಹಳೆಯ ಪ್ಲಗ್ಗಿನ ವೇಗ

ಮಾರ್ಚ್ 15, ಬೆಳಿಗ್ಗೆ 5.10

ಎಡಗೈಯಲ್ಲಿ ಮಗು ಕಿರಾನ, ಬಲಗೈಯಲ್ಲಿ ಫೋನು. ಹಾಲು ಕುಡಿಸುವಾಗ ಒಂದೇ ಹೆಬ್ಬೆರಳಿನಲ್ಲಿ ಟೈಪ್ ಮಾಡುವುದು ರೂಢಿಯಾಗಿಬಿಟ್ಟಿದೆ. ನಿದ್ದೆ ಮಾತ್ರ ರೂಢಿ ತಪ್ಪಿದೆ.

ನನ್ನ ಗಂಡ ಗಲಿಹ್ ಉಪವಾಸಕ್ಕೆ ಮುಂಚಿನ ಸಹರಿ ಊಟ ಮುಗಿಸಿ ಮಸೀದಿಗೆ ಹೋದ. ನಮಾಜ್ ಮುಗಿದು ಎಷ್ಟು ಹೊತ್ತಾಯಿತು! ಬಂದಿಲ್ಲ. ಎಲ್ಲಿದ್ದಾನೆ ಅಂತ ಕೇಳಬೇಕಾಗಿಲ್ಲ. ರಂಜಾನ್ ಬಂದರೆ ನಮ್ಮೂರು ಕ್ಲಾತೆನ್‌ನ ಗಂಡುಮಕ್ಕಳಿಗೆಲ್ಲ ಇದೇ — ಬೆಳಕು ಹರಿಯುವ ಮುಂಚಿನ ಖಾಲಿ ರಿಂಗ್ ರಸ್ತೆ, ಇಬ್ಬಿಬ್ಬರ ಬೈಕ್ ರೇಸು. ಮದುವೆಗೆ ಮುಂಚೆ ನಾನೂ ಅಲ್ಲಿ ನಿಂತು ಕೂಗಿದವಳೇ. ಈಗ ಆ ಸದ್ದು ಗದ್ದೆ ದಾಟಿ ಬಂದರೆ ಎದ್ದು ಕಿಟಕಿ ಮುಚ್ಚುತ್ತೇನೆ. ರಸ್ತೆಯ ಆ ತುದಿಯಲ್ಲಿ ಮೆರಾಪಿ ಜ್ವಾಲಾಮುಖಿಯ ಬುಡದಿಂದ ಮರಳು ತರುವ ಲಾರಿಗಳು ತಿರುಗುತ್ತವೆ. ಅವಕ್ಕೆ ರಂಜಾನೂ ಇಲ್ಲ, ರಜವೂ ಇಲ್ಲ.

ಅತ್ತೆ ಬಾಗಿಲಲ್ಲಿ ಇಣುಕಿದರು. "ಗಂಡಸ್ರು ಹಂಗೇನೇ, ಮಗಳೇ. ನಿಮ್ಮಾವ ಇದಕ್ಕಿಂತ ಜೋರು ಓಡಿಸ್ತಿದ್ರು. ಇಷ್ಟೊಂದು ಯೋಚ್ನೆ ಮಾಡಿದ್ರೆ ಹಾಲು ಬತ್ತಿ ಹೋಗುತ್ತೆ, ನೋಡ್ಕೋ."

ಈಗ ಅದನ್ನೂ ಯೋಚಿಸಬೇಕು.

ಮಾರ್ಚ್ 17, ಭಾನುವಾರ, ಬೆಳಿಗ್ಗೆ

ಬೈಕಿಗೆ ಹೊಸ ಸ್ಪಾರ್ಕ್ ಪ್ಲಗ್ ತಂದಿದ್ದಾನೆ. ಆಸ್ಪತ್ರೆಯಲ್ಲಿ ಮಗುವನ್ನು ಮೊದಲ ಸಲ ಹಿಡಿದಾಗಲೂ ಇಷ್ಟು ಹುಷಾರಾಗಿ ಹಿಡಿದಿರಲಿಲ್ಲ.

"ನೋಡು ದೆಕ್, ತುದಿ ಹೆಂಗಿದೆ, ಸೂಜಿ ಥರ. ಇರಿಡಿಯಂ!" ನನ್ನನ್ನು ಕರೆಯುವುದೇ ಹಾಗೆ, ದೆಕ್ ಅಂತ; ನಾನು ಅವನನ್ನು ಮಾಸ್ ಅಂತ.

"ಈಗಿರೋದಕ್ಕೆ ಏನಾಗಿದೆ, ಮಾಸ್?"

"ಏನೂ ಆಗಿಲ್ಲ. ಅದೇ ಪ್ರಾಬ್ಲಂ. ಸುಮ್ನೆ ಮಿಣಮಿಣ ಅಂತಿದೆ, ನಮ್ಮಮ್ಮನ ಅಡುಗೆಮನೆ ಬಲ್ಬಿನ ಹಂಗೆ."

ಕಿಡಿ ಬೆಂಕಿ ಹಚ್ಚುತ್ತದೆ, ಅಷ್ಟೆ. ಒಳಗೆ ಹೋಗುವ ಪೆಟ್ರೋಲು, ಗಾಳಿ ಅಷ್ಟೇ ಇದ್ದರೆ ಶಕ್ತಿ ಎಲ್ಲಿಂದ ಬರಬೇಕು? ಹೇಳಿದೆ. ಫಿಸಿಕ್ಸ್ ಓದಿದ್ದು ಇದಕ್ಕಾದರೂ ಬರಲಿ ಅಂತ.

"ನಿನ್ನ ಕಾಲೇಜು ರಿಂಗ್ ರೋಡಲ್ಲಿ ಒಂದು ಸಲ ಓಡ್ಲಿ, ಆಮೇಲೆ ಮಾತಾಡೋಣ" ಅಂದ. ನಕ್ಕ. ನನಗೂ ನಗು ಬಂತು — ಅದೇ ಕೋಪ.

ಇಂಟರ್‌ನೆಟ್ಟಿನಲ್ಲಿ ಓದಿದೆ. ಒಬ್ಬ ಬೈಕು ಕುದುರೆಯಾಯಿತು ಅನ್ನುತ್ತಾನೆ. ಇನ್ನೊಬ್ಬ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅನ್ನುತ್ತಾನೆ. ಎರಡನೆಯವನನ್ನು ನಂಬುತ್ತೇನೆ. ಆದರೆ ಮೊದಲನೆಯವನು ಹೇಳಿದ್ದು ನಿಜವಾಗಿದ್ದರೆ? ಒಂದಿಷ್ಟೇ ವೇಗ ಜಾಸ್ತಿಯಾದರೂ... ಆ ಲಾರಿಗಳು...

ಅದೇ ದಿನ, ಮಧ್ಯಾಹ್ನ

ಮಾಡಿಬಿಟ್ಟೆ.

ಉಪವಾಸದ ಸುಸ್ತಿಗೆ ಗಲಿಹ್ ಚಾಪೆಯ ಮೇಲೆ ಬಿದ್ದುಕೊಂಡಿದ್ದ. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದೆ. ಪ್ಲಗ್ ಬಿಚ್ಚುವುದನ್ನು ಅವನೇ ಕಲಿಸಿದ್ದು, ಕಾಲೇಜಿನ ಗೇಟಿನ ಎದುರು, ನನ್ನ ಬೆರಳು ಹಿಡಿಯುವ ನೆಪಕ್ಕೆ. ಬೆಳಿಗ್ಗೆ ಅವನು ಕೂರಿಸಿದ್ದ ಹೊಸದನ್ನು ಬಿಚ್ಚಿದೆ. ಬುಟ್ಟಿಯಲ್ಲಿ ಬಿದ್ದಿದ್ದ ಹಳೆಯದನ್ನು ಒರೆಸಿ ವಾಪಸ್ ಕೂರಿಸಿದೆ. ಮೇಲೆ ಕ್ಯಾಪ್. ಯಾರಿಗೂ ಕಾಣುವುದಿಲ್ಲ.

ನಾಳೆ ಓಡಿಸುತ್ತಾನೆ. ಏನೂ ಬದಲಾಗಿಲ್ಲ ಅಂತ ಬೇಜಾರಾಗುತ್ತಾನೆ. ಬಿಡುತ್ತಾನೆ. ಲೆಕ್ಕ ಇಷ್ಟೇ.

ಮಾರ್ಚ್ 18, ಬೆಳಿಗ್ಗೆ 6

ಕೂಗಿಕೊಂಡೇ ಒಳಗೆ ಬಂದ. ಮಗು ಬೆಚ್ಚಿ ಅತ್ತಿತು.

"ದೆಕ್! ಏನ್ ಪಿಕಪ್ಪು! ಯೊಗೊಗೆ ನನ್ನ ಹಿಂದಿನ ಲೈಟೂ ಕಾಣ್ಲಿಲ್ಲ. ಎಳೀತು ನೋಡು, ಯಾರೋ ಹಿಂದಿಂದ ಒದ್ದ ಹಂಗೆ. ಎಲ್ಲಾ ಪ್ಲಗ್ಗಿನ ಮಹಿಮೆ!"

ಯೊಗೊ ಅವನ ಬಾಲ್ಯದ ಗೆಳೆಯ, ಪಕ್ಕದ ಗಲ್ಲಿಯವನು. ಇಷ್ಟು ವರ್ಷದಲ್ಲಿ ಗಲಿಹ್ ಅವನನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಆಮೇಲೆ ಮತ್ತೆ ಲೆಕ್ಕ ಹಾಕಿದೆ. ಅದೇ ಹಳೆಯ ಪ್ಲಗ್. ಬೈಕು ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಅವನು ಬ್ರೇಕ್ ಹಿಡಿಯುವ ಜಾಗ.

ಮಾರ್ಚ್ 27

ಬರೆಯಲು ಧೈರ್ಯವಾಗಿರಲಿಲ್ಲ.

ಗಲ್ಲಿಯ ಹುಡುಗರೆಲ್ಲ ಅದೇ ಪ್ಲಗ್ ಹಾಕಿಸಿದ್ದಾರೆ. ಇಫ್ತಾರ್‌ಗೆ ಬಾಳೆಹಣ್ಣಿನ ಪಾಯಸ ಕುಡಿಯುತ್ತ ಜಗಲಿಯ ಮೇಲೆ ಅದೇ ಮಾತು. ಯೊಗೊ ನನ್ನನ್ನು ಕಂಡು, "ಅತ್ತಿಗೆ, ನಿಮ್ಮ ಗಂಡನ ಗುಟ್ಟು ಈಗ ನಮ್ಮ ಹತ್ರಾನೂ ಇದೆ. ಹಬ್ಬದೊಳಗೆ ಅವನ ಮುಖಕ್ಕೆ ಹೊಗೆ ತಿನ್ನಿಸ್ತೀನಿ" ಅಂದ. ಎಲ್ಲರೂ ನಕ್ಕರು.

ಗುಟ್ಟು ಇದ್ದದ್ದು ನನ್ನ ಬೀರುವಿನಲ್ಲಿ, ಮಗುವಿನ ಟೋಪಿಗಳ ಕೆಳಗೆ.

ಹೇಳಬೇಕು. ಹೇಳಿದರೆ ಅವಮಾನ ಅವನಿಗೆ. ನಾಳೆ ಹೇಳುತ್ತೇನೆ.

ಏಪ್ರಿಲ್ 2

ಯೊಗೊ ಬಿದ್ದ. ಲಾರಿ ತಿರುವಿನಲ್ಲಿ. ತೊಡೆಯ ಮೂಳೆ ಮುರಿದಿದೆ, ಕಣ್ಣು ತೆರೆದಿದ್ದಾನೆ, ಬದುಕುತ್ತಾನೆ. ಯಾವಾಗಲೂ ತಿರುವಿಗೆ ಮುಂಚಿನ ಮೋರಿಯ ಹತ್ತಿರವೇ ಬ್ರೇಕ್ ಹಿಡಿಯುತ್ತಿದ್ದವನು ನಿನ್ನೆ ಮೋರಿ ದಾಟಿದ ಮೇಲೂ ಹಿಡಿಯಲಿಲ್ಲವಂತೆ.

ಆಸ್ಪತ್ರೆಯಿಂದ ಬಂದ ಗಲಿಹ್ ಅಂದದ್ದು: "ಆ ಪ್ಲಗ್ಗಿನ ಎಳೆತ ಅವನ ಕೈಗೆ ಸಿಗ್ಲಿಲ್ಲ."

ತಡೆಯಲಾಗಲಿಲ್ಲ. ಬೀರುವಿನಿಂದ ಹೊಸ ಪ್ಲಗ್ ತಂದು ಅವನ ಅಂಗೈ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ. "ನೀವು ಓಡಿಸ್ತಿರೋದು ಹಳೇ ಪ್ಲಗ್ ಮಾಸ್. ಮೊದಲ ದಿನದಿಂದ್ಲೂ. ಎಳೆತ ಗಿಳೆತ ಏನೂ ಇಲ್ಲ. ನೀವೆಲ್ಲ ಹೆದರೋದು ಬಿಟ್ರಿ, ಅಷ್ಟೇ."

ಅದನ್ನು ಬೆರಳಲ್ಲಿ ತಿರುಗಿಸಿ ತುದಿ ನೋಡಿದ. ಹೊಡೆಯಬಹುದು ಅನ್ನಿಸಿತು — ಎಂದೂ ಹೊಡೆದವನಲ್ಲ. ಅತ್ತುಬಿಡಬಹುದು ಅನ್ನಿಸಿತು.

"ಹಳೇದ್ರಲ್ಲೇ ಅಷ್ಟು ಓಡ್ತಾ?" ಅಂದ. ಕಣ್ಣು ಹೊಳೆಯಿತು. "ಹಂಗಿದ್ರೆ ಇದನ್ನ ಹಾಕಿದ್ರೆ!"

ಪಾನಾ ಹುಡುಕುತ್ತ ಹಿತ್ತಲಿಗೆ ಹೋದ.

ಏಪ್ರಿಲ್ 6

ಗೋಗರೆದೆ. ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸಲು ಹೋದೆ, ಕೈ ಹಿಂದಕ್ಕೆ ಎಳೆದುಕೊಂಡ. ರಂಜಾನಿನ ಕೊನೆಯ ಬೆಳಗು ಪಕ್ಕದೂರು ಬೊಯೊಲಾಲಿಯವರ ಜೊತೆ ಪಂದ್ಯವಂತೆ. ಯೊಗೊ ಮಾತು ಕೊಟ್ಟಿದ್ದನಂತೆ, ಅವನ ಬದಲು ಇವನು.

"ಯಾಕೆ ಮಾಸ್? ಒಂದು ಕಾರಣ ಹೇಳಿ."

ಗೋಡೆ ನೋಡುತ್ತ ಹೇಳಿದ: "ಅಲ್ಲಿ ಮಾತ್ರ ನಂಗೆ ಅಳೋದು ಕೇಳ್ಸಲ್ಲ, ದೆಕ್."

"ಮಗು ಅಂದ್ಮೇಲೆ ಅಳುತ್ತೆ."

"ಕಿರಾನ ಅಲ್ಲ. ನೀನು."

ನಾನು ಅಳುವುದು ಅವನಿಗೆ ಕೇಳಿಸುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ದಿಂಬು ಕಚ್ಚಿಕೊಂಡಿರುತ್ತೇನೆ.

ಏಪ್ರಿಲ್ 9, ಬೆಳಿಗ್ಗೆ 5.25

ರಿಂಗ್ ರಸ್ತೆ. ಮುಚ್ಚಿದ ಟೈರ್ ಅಂಗಡಿಯ ಮೆಟ್ಟಿಲು. ಮಗು ಅತ್ತೆಯ ಹತ್ತಿರ. "ನೀನ್ಯಾಕೆ ಹೋಗ್ತೀಯಾ" ಅಂದರು, ಆಮೇಲೆ ಅವರೇ ತಮ್ಮ ಶಾಲು ಹೊದಿಸಿ ಕಳಿಸಿದರು. ಮಾವನ ಕಥೆ ಇವತ್ತು ಹೇಳಲಿಲ್ಲ.

ಬೊಯೊಲಾಲಿಯ ಹುಡುಗರು ನೋಡಿ ನಗುತ್ತಿದ್ದಾರೆ. "ಅಕ್ಕಾ, ಮಗೂಗೆ ಹಾಲು ಕುಡಿಸೋ ಟೈಮಲ್ಲಿ ರೇಸ್ ನೋಡಕ್ಕೆ ಬಂದ್ರಾ? ಯಾರ ಕಡೆ?"

ರವಿಕೆ ಒದ್ದೆಯಾಗಿದೆ. ಶಾಲು ಎಳೆದುಕೊಂಡೆ. ಹಾಲು ಬತ್ತಿಲ್ಲ.

ಲಾರಿಗಳು ಆಗಲೇ ತಿರುಗುತ್ತಿವೆ. ದೀಪ ಕಾಣುತ್ತಿದೆ. ಗಲಿಹ್ ಹೆಸರು ಕೂಗಿದರು.

5.31

ಅವನ ಹಿಂದೆ ಕುಳಿತಿದ್ದೇನೆ. ಬಂದು ಹತ್ತಿಬಿಟ್ಟೆ. ಗೆರೆಯ ಮೇಲಿದ್ದೇವೆ. ಎಂಜಿನ್ ಚಾಲೂ ಇದೆ, ಫೋನು ಅವನ ಬೆನ್ನಿಗೆ ಆನಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

"ಇಳಿ ದೆಕ್. ಎಲ್ರೂ ನೋಡ್ತಿದಾರೆ."

"ಓಡ್ಸಿ ಮಾಸ್. ನಾನೂ ಬರ್ತೀನಿ."

"ಹುಚ್ಚು ಹಿಡ್ದಿದ್ಯಾ? ಕಿರಾನ ಗತಿ ಏನು?"

"ಅದನ್ನೇ ನಾನೂ ಕೇಳ್ತಿರೋದು."

ಹಿಂದೆ ಯಾರೋ ಸೀಟಿ ಹೊಡೆದರು. ಈಗ ಯಾರೂ ನಗುತ್ತಿಲ್ಲ. ಬಾವುಟದವನು ಕೈ ಎತ್ತಿದ್ದಾನೆ. ಇವನು ತಿರುಗಿ ನೋಡುತ್ತಿಲ್ಲ. ಅಳುತ್ತಿಲ್ಲ ನಾನು, ಇವತ್ತು ಇಲ್ಲ. ಇಳಿಯುವುದೂ ಇಲ್ಲ. ಅವನ ಬೆನ್ನು ಉಸಿರು ಎಳೆದುಕೊಂಡಿತು, ಕೈ ಹ್ಯಾಂಡಲ್ ಬಿಟ್ಟು ಕೀಲಿ ತಿರುಗಿಸಿತು. ಅಕ್ಷರ ಕುಣಿಯುವುದು ನಿಂತಿದೆ.