ಮಿಂಚದ ಮಿಂಚುಳ್ಳಿ

ಪ್ರೀತಿಯ ಅಕ್ಕ,

ನಾನು ಬಣ್ಣ ಹಚ್ಚಿ ಕಳಿಸಿದ ಮರದ ಮಿಂಚುಳ್ಳಿಯನ್ನು ನೋಡಿ ಅಪ್ಪ, "ಕಾಗೆಗೆ ಇಷ್ಟುದ್ದ ಕೊಕ್ಕು ಯಾಕೇ ಮಗಳೇ?" ಅಂದರಂತೆ. ನಿನ್ನ ಕಾಗದದಲ್ಲಿ ಓದಿ ನಕ್ಕೆ. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದೆ. ಕೈಕಾಲು ಬಿದ್ದುಹೋಗುವ ಮುನ್ನ ಅವರು ಕೆತ್ತಿದ ಕೊನೆಯ ಹಕ್ಕಿ ಅದು.

ತಪ್ಪು ಅವರ ಕಣ್ಣಿನದಲ್ಲ. ಮುತ್ತಿನ ಹೊಳಪಿನ ಬಣ್ಣವನ್ನು ಕಪ್ಪಿನ ಮೇಲೆ ತೆಳ್ಳಗೆ ಎಳೆಯುತ್ತೇವೆ. ನೋಡುವವರು ಅತ್ತಿತ್ತ ಸರಿದರೆ ಮಾತ್ರ ನೀಲಿ, ಹಸಿರು ಏಳುತ್ತವೆ. "ಒಂದು ಸಲ ಬ್ರಷ್ ಎಳೆದರೆ ಒಂದು ಸುತ್ತು ಬಾರೋ" ಎಂದು ಕಲಿಸಿದವರೇ ಅಪ್ಪ. ನಾನು ಸುತ್ತಿದ್ದೇ ಸುತ್ತಿದ್ದು. ಅವರು ಮಗ್ಗುಲು ಬದಲಿಸಲಾರರು ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ. ಒಮ್ಮೆಯಾದರೂ ಬಂದು ಅವರ ಮಂಚದ ಪಕ್ಕ ಕೂತಿದ್ದರೆ ಹೊಳೆಯುತ್ತಿತ್ತು. ಕೆಲಸ ಕೆಲಸ ಎಂದು ನನ್ನ ಬದಲು ಹಕ್ಕಿಯನ್ನು ಕಳಿಸಿದೆ.

ಅದನ್ನು ಗೋಡೆಯಿಂದ ಇಳಿಸಿ, ಕಿಟಕಿಯ ಹತ್ತಿರ ದಾರದಲ್ಲಿ ತೂಗುಹಾಕು. ಅಪ್ಪ ಸುತ್ತಲಾರರು, ಹಕ್ಕಿಯೇ ಸುತ್ತಲಿ. ದಾರ ಗಟ್ಟಿಯಿರಲಿ, ಅದು ನಿನ್ನ ತಮ್ಮನ ತಲೆಯಷ್ಟೇ ಭಾರ, ಒಳಗೂ ಬರೀ ಮರವೇ.

ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಅಷ್ಟರೊಳಗೆ ಅವರು ಯಾವುದಾದರೂ ಬಣ್ಣದ ಹೆಸರು ಹೇಳಿದರೆ ಫೋನ್ ಮಾಡು. ಹೇಳದಿದ್ದರೂ ಮಾಡು.

ಇಂತಿ,
ನಿನ್ನ ಮರದ ತಲೆಯ ತಮ್ಮ