ಗುಬ್ಬಿಯನ್ನು ಮಾರುವ ವಿಷಯ

ಮನೆ, ಮಹಡಿಯ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಗ್ಗೆ ಎಂಟೂವರೆ

ಪ್ರೀತಿಯ ಹಡಗಿನವರೇ,

ಹೇಗಿದ್ದೀರಿ? ಹಲ್ಲುನೋವು ಇಳಿಯಿತೇ, ಇಲ್ಲಾ ಇನ್ನೂ ಲವಂಗ ಕಚ್ಚಿಕೊಂಡೇ ಅಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದೀರಾ? ಊರವರ ಹೊಟ್ಟೆ ನೋಡಿಕೊಳ್ಳುವ ಭರದಲ್ಲಿ ನಿಮ್ಮ ಬಾಯಿಯನ್ನು ನೀವು ಮರೆಯುತ್ತೀರಿ, ಅದು ನನಗೆ ಗೊತ್ತು. ಇಪ್ಪತ್ತಕ್ಕೆ ಬಂದರು ಮುಟ್ಟಿದ ತಕ್ಷಣ ಡಾಕ್ಟರಿಗೆ ತೋರಿಸಿ. ನಾನು ಚೆನ್ನಾಗಿದ್ದೇನೆ. ಅತ್ತೆಯೂ ಚೆನ್ನಾಗಿದ್ದಾರೆ, ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅಷ್ಟೇ. ಇವತ್ತಿಗೆ ಮೂರು ದಿನ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತು ನಿಮ್ಮ ಸಮುದ್ರದ ಗಾಳಿಗೆ ಹೋಗುತ್ತದೆ, ಇನ್ನರ್ಧ ಅತ್ತೆಯ ಕಿವಿಗೆ. ಅದಕ್ಕೇ ಕಾಗದ. ಪೂರ್ತಿ ಓದಿ, ಕೋಪ ಬಂದರೆ ಆಮೇಲೆ ಮಾಡಿಕೊಳ್ಳಿ.

ಹೋದ ಗುರುವಾರದ ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೇನೆ. ಶುಕ್ರವಾರ ನೀವು ಫೋನು ಮಾಡಿ 'ಗುಬ್ಬಿ ಹೇಗಿದೆ?' ಎಂದಾಗ 'ಹಾರಾಡ್ತಿದೆ' ಎಂದೆನಲ್ಲ, ಅದು ಸುಳ್ಳು. ಆಗ ಅದರ ಎಂಜಿನ್ನು ಬಿಚ್ಚಿ ಮೆಕ್ಯಾನಿಕ್ ಚಿಕ್ಕಪ್ಪನ ಷೆಡ್ಡಿನಲ್ಲಿ ಗೋಣಿಚೀಲದ ಮೇಲೆ ಹರಡಿತ್ತು. ನಡೆದದ್ದು ಹೀಗೆ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬ್ಲಡ್ ಬ್ಯಾಂಕಿನಿಂದ ಕರೆ ಬಂತು. ಬೆಟ್ಟದ ಮೇಲಿನ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ, ಮೂರು ಚೀಲ ಬೇಕು, ತಕ್ಷಣ. ಐಸ್ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಬಿಗಿದು ಹೊರಟೆ. ಎರಡು ವರ್ಷದಿಂದ ಮಾಡುತ್ತಿರುವ ಕೆಲಸ, ಎರಡು ವರ್ಷದಿಂದಲೂ ಮಾವನ ಈ ನಲವತ್ತೆಂಟು ವರ್ಷದ ಬೈಕು ಗುಬ್ಬಿಯೇ ನನ್ನನ್ನು ಹೊತ್ತದ್ದು. ಹಳೆಯ ದಾರಿಯಿದ್ದಾಗ ತೊಂದರೆಯಿರಲಿಲ್ಲ. ಎಲ್ಲರೂ ಮೆಲ್ಲಗೇ ಹೋಗುತ್ತಿದ್ದರು, ನಾವೂ ಮೆಲ್ಲಗೆ ಹೋಗುತ್ತಿದ್ದೆವು. ಈಗಿನ ಹೊಸ ರಸ್ತೆಯನ್ನು ನೀವು ನೋಡಿಲ್ಲ. ನಾಲ್ಕು ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲ, ನೆಟ್ಟಗೆ ಏರು. ಅದರಲ್ಲಿ ಮೂರೇ ಗೇರಿನ ಗುಬ್ಬಿ ಎರಡನೇ ಗೇರಿನಲ್ಲಿ ತೆವಳುತ್ತಿದ್ದರೆ ಹಿಂದಿನ ಲಾರಿಗಳಿಗೆ ನಾನು ರಸ್ತೆಯಲ್ಲಿ ಬಿದ್ದ ಕಲ್ಲಿನ ಹಾಗೆ.

ಅವತ್ತು ಎದುರುಗಾಳಿ ಬೇರೆ. ಹಿಂದೆ ಒಂದು ಲಾರಿ ಹಾರನ್ನು ಒತ್ತಿ ಹಿಡಿದು ಕೈ ತೆಗೆಯುತ್ತಿಲ್ಲ. ಬಾಣಂತಿಯ ಯೋಚನೆಯಲ್ಲಿ ನಾನೂ ಗುಬ್ಬಿಯ ಕಿವಿ ಹಿಂಡಿದೆ. ಅದಕ್ಕೆ ಬಿಸಿ ಏರುತ್ತಿದೆಯೆಂದು ವಾಸನೆಯಲ್ಲೇ ಗೊತ್ತಾಗುತ್ತಿತ್ತು, ಆದರೂ ಬಿಡಲಿಲ್ಲ. ದೊಡ್ಡ ತಿರುವಿನಲ್ಲಿ ಪಿಸ್ಟನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಒಮ್ಮೆಲೇ ಕಚ್ಚಿ ನಿಂತು, ಗಾಡಿ ಅಡ್ಡಡ್ಡ ಜಾರಿ, ನಾನು ರಸ್ತೆ ಮಧ್ಯೆ. ಸ್ಕೂಲಿನ ಮೈದಾನದಲ್ಲಿ ನನಗೆ ಗಾಡಿ ಕಲಿಸುವಾಗ ನೀವು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಿರಲ್ಲ, 'ಏನಾದ್ರೂ ಮೊದ್ಲು ಕ್ಲಚ್ ಹಿಡಿ!' ಅಂತ. ಕೈ ತಾನಾಗಿ ಹಿಡಿಯಿತು. ಬೀಳಲಿಲ್ಲ. ಲಾರಿ ನಿಂತದ್ದು ಪೆಟ್ಟಿಗೆಯಿಂದ ಒಂದು ಮೊಳ ಹಿಂದೆ. ರೇಡಿಯೇಟರಿನ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು.

ಡ್ರೈವರು ಇಳಿದು ಬಂದವನೇ 'ಏನಮ್ಮಾ, ಸಾಯೋಕೆ ನನ್ನ ಲಾರೀನೇ ಬೇಕಿತ್ತಾ ನಿಂಗೆ?' ಎಂದು ಶುರು ಮಾಡಿದ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, 'ರಕ್ತ ಇದೆ, ರಕ್ತ ಇದೆ.' ನನಗೇ ಪೆಟ್ಟಾಗಿದೆಯೆಂದುಕೊಂಡು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪೆಟ್ಟಿಗೆ ತೋರಿಸಿದ ಮೇಲೆ ಗುಬ್ಬಿಯನ್ನು ಪಕ್ಕಕ್ಕೆ ನೂಕಿ, ನನ್ನನ್ನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಅವುಚಿ ಕೂತಿದ್ದೆ. ಬಾಣಂತಿ ಉಳಿದಳು. ಮಗುವೂ ಚೆನ್ನಾಗಿದೆಯಂತೆ. ಆದರೆ ಡಾಕ್ಟರಮ್ಮ ಕೈ ತೊಳೆಯುತ್ತಾ ನನ್ನ ಮುಖ ನೋಡದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: 'ಇನ್ನೊಂದು ಹತ್ತು ನಿಮಿಷ ಆಗಿದ್ರೆ ಅವಳ ಗಂಡನಿಗೆ ನಾನು ಬೇರೆ ಸುದ್ದಿ ಹೇಳ್ಬೇಕಿತ್ತು.' ಅವಳ ಗಂಡ ಹೊರಗೆ ಬೆಂಚಿನ ಮೇಲೆ ಕೂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ನನಗೆ ನೀವು ನೆನಪಾದಿರಿ.

ಮಾರನೆಯ ದಿನ ಸೂಪರಿಂಟೆಂಡೆಂಟರು ಕರೆದು ಕೂರಿಸಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. 'ಒಂದನೇ ತಾರೀಕಿನೊಳಗೆ ಬೇರೆ ಗಾಡಿ ತಂದ್ರೆ ಸರಿ, ಇಲ್ಲಾಂದ್ರೆ ಬೆಟ್ಟದ ರೂಟು ವ್ಯಾನಿನವರಿಗೆ' ಎಂದರು. ಅಲ್ಲಿಂದ ನೇರ ಚಿಕ್ಕಪ್ಪನ ಷೆಡ್ಡಿಗೆ ಹೋದೆ, ಗುಬ್ಬಿಯನ್ನು ಹಿಂದಿನ ಸಂಜೆಯೇ ಅವರು ಟೆಂಪೋದಲ್ಲಿ ಅಲ್ಲಿಗೆ ತರಿಸಿದ್ದರು. ಮಾವನ ಸ್ನೇಹಿತರಲ್ಲವೇ, ಗುಬ್ಬಿಯ ಪರವಾಗಿ ಮಾತಾಡುತ್ತಾರೆಂದುಕೊಂಡಿದ್ದೆ. ಗೀರುಬಿದ್ದ ಪಿಸ್ಟನ್ನನ್ನು ನನ್ನ ಅಂಗೈಗೆ ಹಾಕಿ, 'ಇದರದ್ದೇನೂ ತಪ್ಪಿಲ್ಲಮ್ಮ. ಇದು ಪೇಟೆ ಸುತ್ತೋ ಗಾಡಿ. ಇದರ ಕೈಲಿ ಬೆಟ್ಟ ಹತ್ತಿಸ್ತಿರೋದು ನೀನು' ಎಂದರು. ಮಾರಾಟಕ್ಕೆಂದು ಅವರಲ್ಲಿ ಒಂದು ದೊಡ್ಡ ಗಾಡಿ ನಿಂತಿತ್ತು. ಗುಬ್ಬಿಯ ಎರಡರಷ್ಟು ತೂಕ, ಐದು ಗೇರು. ಹತ್ತಿ ಕೂತರೆ ನನ್ನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗಿತು. ಹಿಂದಿನ ಮೈದಾನದಲ್ಲಿ ಒಂದು ಸುತ್ತು ಹೊಡೆದು ಬಂದು, ನಿಲ್ಲಿಸುವಾಗ, ನಿಂತ ಜಾಗದಲ್ಲೇ ಅದರ ಸಮೇತ ಬಿದ್ದೆ. ಮೊಣಕಾಲು ಕುಂಬಳಕಾಯಿಯಾಯಿತು. ಓಡಿಸುವಾಗ ಅಲ್ಲ, ನಿಲ್ಲಿಸುವಾಗ! ಲಾರಿಯ ಮುಂದೆ ಅಳದವಳು ಅಲ್ಲಿ ಕೂತು ಅತ್ತುಬಿಟ್ಟೆ. ನಿಜ ಹೇಳಲೇ? ನನಗೆ ಅದನ್ನು ಕಂಡರೆ ಭಯ. ಗುಬ್ಬಿ ನನ್ನ ಮಾತು ಕೇಳುತ್ತದೆ. ಇದು ನನ್ನನ್ನೇ ಎತ್ತಿ ಎಸೆದುಬಿಡುತ್ತದೆ ಅನ್ನಿಸಿತು. ಕೆಲಸ ಬಿಟ್ಟುಬಿಡೋಣ ಎಂದು ಆ ರಾತ್ರಿಯಿಡೀ ಯೋಚಿಸಿದೆ.

ಶನಿವಾರ ಗುಬ್ಬಿ ರಿಪೇರಿಯಾಗಿ ಮನೆಗೆ ಬಂತು, ಅದರ ಹಿಂದೆಯೇ ಹಳೆಯ ಗಾಡಿಗಳನ್ನು ಸೇರಿಸಿಡುವ ಒಬ್ಬ ದೊಡ್ಡಮನುಷ್ಯರೂ ಬಂದರು, ಕೊಳ್ಳುವುದಾದರೆ ನೋಡಲೆಂದು ಚಿಕ್ಕಪ್ಪ ಕಳಿಸಿದವರು. ಅಂಗಳದಲ್ಲಿ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಗುಬ್ಬಿಯ ಟ್ಯಾಂಕನ್ನು ಕರವಸ್ತ್ರದಿಂದ ಒರೆಸಿ ನೋಡಿದರು. ನಾನು ಅತ್ತೆಗೆ ಮೊದಲೇ ಹೇಳಿರಲಿಲ್ಲ. ನನ್ನದೇ ತಪ್ಪು, ಒಪ್ಪುತ್ತೇನೆ. ಅತ್ತೆ ಒಳಗಿಂದ ಬಂದವರು ಗಾಡಿಯ ಕೀಲಿ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದರು. ನನಗೆ ಒಂದು ಮಾತೂ ಇಲ್ಲ, ಅವರಿಗೆ ಮಾತ್ರ: 'ಇದನ್ನ ಕೊಡೋದಕ್ಕೆ ಇವಳು ಯಾರು ಅಂತ ಕೇಳಿ ಸ್ವಲ್ಪ.' ಆ ಮನುಷ್ಯ ಪಾಪ, ಕನ್ನಡಕ ಇಳಿಸಿಕೊಂಡು ಬಂದ ದಾರಿ ಹಿಡಿದರು. ಅಂದಿನಿಂದ ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡುತ್ತಿವೆ. ನನಗೂ ರೋಷ ಬಂತು. ಬೆಟ್ಟದ ತಿರುವಿನಲ್ಲಿ ಸಾಯುತ್ತಿದ್ದದ್ದು ನಾನು, ಇವರಿಗೆ ಸತ್ತವರ ಗಾಡಿಯ ಚಿಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬರೆಯಬಾರದಿತ್ತು, ಬರೆದಾಯಿತು.

ಭಾನುವಾರ ಬೆಳಗ್ಗೆ ಹಟದಿಂದ ಮತ್ತೆ ಷೆಡ್ಡಿಗೆ ಹೋದೆ. ಚಿಕ್ಕಪ್ಪ ಏನೂ ಕೇಳದೆ ದೊಡ್ಡ ಗಾಡಿಯ ಸೀಟು ಬಿಚ್ಚಿ, ಒಳಗಿನ ಸ್ಪಂಜನ್ನು ಚಾಕುವಿನಲ್ಲಿ ಎರಡು ಬೆರಳಷ್ಟು ಕೊಯ್ದು ಮತ್ತೆ ಹಾಕಿದರು. ಈಗ ಅರ್ಧ ಪಾದ ಊರುತ್ತದೆ. ಬೆಟ್ಟಕ್ಕೆ ಹೊರಟೆ, ಖಾಲಿ ಪೆಟ್ಟಿಗೆಯಲ್ಲಿ ಮೂರು ಬಾಟಲಿ ನೀರು ಇಟ್ಟುಕೊಂಡು. ದೊಡ್ಡ ತಿರುವು ಹತ್ತಿರವಾಯಿತು. ಹಿಂದೆ ಲಾರಿ ಇತ್ತು, ಹಾರನ್ನೂ ಹೊಡೆಯಿತು. ನಾನು ಒಂದು ಗೇರು ಇಳಿಸಿ, ಕೈ ತಿರುಗಿಸಿದೆ. ಅಷ್ಟೇ ರೀ. ಕನ್ನಡಿಯಲ್ಲಿ ನೋಡಿದರೆ ಲಾರಿ ಬೆಂಕಿಪೊಟ್ಟಣದಷ್ಟಾಗಿತ್ತು. ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿದೆ, ಬೀಳಲಿಲ್ಲ. ಭಯ ಹೋಗಿಲ್ಲ, ಆದರೆ ಈಗಿನ ಭಯ ನಾನು ಹೊರಬಲ್ಲಂಥದ್ದು.

ಆದ್ದರಿಂದ ದೊಡ್ಡದನ್ನೇ ತೆಗೆದುಕೊಳ್ಳುತ್ತೇನೆ. ಬೇಡವೆನ್ನಬೇಡಿ. ಗುಬ್ಬಿಯನ್ನು ಆ ಕನ್ನಡಕದವರಿಗೇ ಕೊಟ್ಟುಬಿಡೋಣ. ಓಡಿಸುವವರಿಲ್ಲದೆ ಅಂಗಳದ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನು ನಾನು ನೋಡಲಾರೆ, ಅವರು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಅತ್ತೆಗೆ ಮಾತ್ರ ನೀವೇ ಹೇಳಬೇಕು. ನಿಮ್ಮ ಮಾತು ಕೇಳುತ್ತಾರೆ. ಕೇಳದಿದ್ದರೂ ನಿಮ್ಮ ಜೊತೆ ಮಾತು ಬಿಡುವುದಿಲ್ಲ.

ಹಲ್ಲು ಮರೆಯಬೇಡಿ. ಎಣ್ಣೆ ಕಾಯುವಾಗ ಹಡಗು ವಾಲಿದರೆ ಬಾಣಲೆ ಬಿಟ್ಟು ಹಿಂದೆ ಸರಿಯಿರಿ, ಅಡುಗೆ ಹಾಳಾದರೆ ಆಗಲಿ. ನಿಮ್ಮ ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ಇತಿ,
ದಾರಿ ನೋಡುತ್ತಿರುವ
ನಿಮ್ಮವಳು

ತಾ.ಕ.: ಕಾಗದ ಅಂಚೆಗೆ ಹಾಕಲು ಇಳಿದವಳು ಮೆಟ್ಟಿಲ ಮೇಲೆಯೇ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ. ಅತ್ತೆ ಅಂಗಳದಲ್ಲಿ ಗುಬ್ಬಿಯ ಮೇಲೆ ಕೂತಿದ್ದಾರೆ. ಹಿಂದಿನ ಸೀಟಿನಲ್ಲಲ್ಲ, ಮುಂದೆ! ನನ್ನ ಹಳೆಯ ಪ್ಯಾಂಟನ್ನು ತಮ್ಮ ಅಳತೆಗೆ ಗಿಡ್ಡ ಮಾಡಿ ಹೊಲಿದು ತೊಟ್ಟಿದ್ದಾರೆ. ನನ್ನನ್ನು ನೋಡಿ ಅಳುತ್ತಾರೇನೋ ಅಂದುಕೊಂಡೆ. 'ಮೂವತ್ತೊಂದು ವರ್ಷ ಹಿಂದೆ ಕೂತಿದ್ದೀನಿ ಕಣೇ. ಎಲ್ಲಿಗೆ ಹೋದ್ರೂ ನನಗೆ ಕಂಡಿದ್ದು ನಿನ್ನ ಮಾವನ ಬೆನ್ನು ಒಂದೇ. ನಂಗೂ ಕಲಿಸಿ ಅಂತ ಒಂದೇ ಒಂದ್ಸಲ ಕೇಳಿದ್ದೆ, ನಕ್ಕುಬಿಟ್ರು. ಮತ್ತೆ ಕೇಳ್ಲಿಲ್ಲ. ನೀನು ದೊಡ್ಡದು ತಗೋ, ಯಾರು ಬೇಡ ಅಂದ್ರು? ಇದರಲ್ಲಿ ಕ್ಲಚ್ ಯಾವ ಕೈಲಿ, ಅದು ಹೇಳು' ಎಂದರು. ಮಾರುವ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಿ. ನೀವು ಫೋನು ಮಾಡಿದಾಗ ಅವರೇ ಎತ್ತಿ ಹೇಳಿದರೆ, ದಮ್ಮಯ್ಯ, ನಗಬೇಡಿ. ಅಯ್ಯೋ, ಸ್ಟಾರ್ಟ್ ಆಯಿತು. ಬ್ರೇಕ್ ಎಲ್ಲಿದೆಯೆಂದು ಇನ್ನೂ ಹೇಳಿಕೊಟ್ಟಿಲ್ಲ. ಓಡುತ್ತೇನೆ.