ಎಸ್ ಡ್ರೈವಿನ ಮೇಲೊಂದು ಕೆಂಪು ಇಂಟು ಮಾರ್ಕು

ಮಾಹಿತಿ ತಂತ್ರಜ್ಞಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ನಾಲೋಮಾ ದ್ವೀಪದ ಸರ್ಕಾರಿ ಕಚೇರಿಯಲ್ಲಿರುವ ಒಂದೇ ಒಂದು ಕಂಪ್ಯೂಟರಿನಲ್ಲಿ ಎಸ್ ಡ್ರೈವ್ ಎಂಬುದು ಸೋಮವಾರದಿಂದ ತೆರೆಯುತ್ತಿಲ್ಲ. ಅದರ ಮೇಲೆ ಕೆಂಪು ಇಂಟು ಮಾರ್ಕು ಬಿದ್ದಿದೆ. ಆ ಮಾರ್ಕಿನ ಹಿಂದೆ ನನ್ನ ಕುಲದ ದಾಖಲೆ ಇದೆ. ಅದರ ನಕಲು ಈ ಶುಕ್ರವಾರ ಸಂಜೆ ನಾಲ್ಕರೊಳಗೆ ವಿಶ್ವವಿದ್ಯಾಲಯಕ್ಕೆ ತಲುಪದಿದ್ದರೆ ನನ್ನ ತಾತ್ಕಾಲಿಕ ಪ್ರವೇಶ ರದ್ದಾಗುತ್ತದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ, ಕ್ಷಮಿಸಿ. ಎಂಟು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳು, ಗಂಟೆ ಹೊಡೆಯುವುದರೊಳಗೆ ಮಾತು ಮುಗಿಸಿ ಅಭ್ಯಾಸ.

ತಮಾಷೆ ಏನೆಂದರೆ, ಆ ದಾಖಲೆ ಇರುವುದು ನಾಲೋಮಾದಲ್ಲಿ ಅಲ್ಲವೇ ಅಲ್ಲ. ಕುಲದವರ ಹೆಸರು ಬರೆದ ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಇಟ್ಟಿರುವ ಸರ್ವರು ರಾಜಧಾನಿ ಸೂವಾದ ನಿಮ್ಮ ಕಟ್ಟಡದಲ್ಲಿದೆ, ಎಸ್ ಡ್ರೈವ್ ಅಲ್ಲಿಗೆ ಹೋಗುವ ಬಾಗಿಲು ಅಷ್ಟೆ. ನನ್ನ ಹಾಸ್ಟೆಲಿನ ಕಿಟಕಿಯಿಂದ ನಿಮ್ಮ ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ. ನಡೆದು ಬಂದು ನಿಮ್ಮ ಕೌಂಟರಿನಲ್ಲಿ ಕೇಳಿದೆ. ನಾಲೋಮಾದವರ ದಾಖಲೆಯನ್ನು ನಾಲೋಮಾ ಕಚೇರಿಯಿಂದಲೇ ತೆರೆಯಬೇಕು, ನಿಯಮ ಹಾಗಿದೆ ಎಂದರು. ಒಂದು ಗೋಡೆಯಾಚೆ ಇರುವುದನ್ನು ನೋಡಲು ಹದಿನೆಂಟು ಗಂಟೆ ಹಡಗಿನಲ್ಲಿ ಕೂತು, ಎರಡು ಸಲ ವಾಂತಿ ಮಾಡಿಕೊಂಡು ಹೋಗಬೇಕು ಎಂಬ ನಿಯಮವನ್ನು ಬರೆದವರು ಎಂದಾದರೂ ಹಡಗು ಹತ್ತಿದ್ದಾರೆಯೇ?

ಹೋದೆ. ಆ ಕಚೇರಿಯಲ್ಲಿ ಗುಮಾಸ್ತೆ ನನ್ನ ಸೋದರತ್ತೆ ಅಲುಮಿತಾ. ಅವಳ ಕಂಪ್ಯೂಟರಿನ ವಯಸ್ಸು ನನ್ನದಕ್ಕಿಂತ ಒಂದೆರಡು ವರ್ಷ ಕಡಿಮೆ ಅಷ್ಟೆ. ಮೂರು ವರ್ಷದ ಹಿಂದೆ ನಿಮ್ಮ ತಂತ್ರಜ್ಞನೊಬ್ಬ ಬಂದು, ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಹಾಕಿ ಅದಕ್ಕೆ ಎಸ್ ಡ್ರೈವನ್ನು ಜೋಡಿಸಿಕೊಟ್ಟನಂತೆ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಬೇಕೇ ಎಂದು ಯಂತ್ರ ಕೇಳುವ ಚೌಕದಲ್ಲಿ ಗುರುತು ಹಾಕಲಿಲ್ಲ, ಹಾಗಾಗಿ ಒಮ್ಮೆ ಆಫ್ ಆದರೆ ಡ್ರೈವ್ ಹೋದಂತೆಯೇ. ಆಫ್ ಮಾಡಬೇಡಿ, ಮುಂದಿನ ವಾರ ಬಂದು ಸರಿಮಾಡುತ್ತೇನೆ ಎಂದು ಹೇಳಿ ಹೋದವನು ನ್ಯೂಜಿಲೆಂಡ್ ಸೇರಿದ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಅತ್ತೆ ಮಾತ್ರ ಮಾತು ಉಳಿಸಿಕೊಂಡಳು. ಮೂರು ವರ್ಷ ಆ ಯಂತ್ರ ಆಫ್ ಆಗಲಿಲ್ಲ. ಸ್ವಿಚ್ಚಿನ ಮೇಲೆ ಟೇಪು ಹಚ್ಚಿದಳು. ಧೂಳು ಕೂರದಂತೆ ಕಸೂತಿಯ ಹೊದಿಕೆ ಹೊಲಿದಳು. ಚಂಡಮಾರುತಕ್ಕೆ ಕರೆಂಟು ಹೋದಾಗ ನಾಲ್ಕು ಜನ ಚರ್ಚಿನ ಜನರೇಟರನ್ನು ಹೊತ್ತು ತಂದರು, ಆ ಭಾನುವಾರ ಪಾದ್ರಿಗಳು ಮೈಕಿಲ್ಲದೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ನಿಮ್ಮ ಇಡೀ ವಿಭಾಗ ಮಾಡದ ನಿರ್ವಹಣೆಯನ್ನು ಒಂದು ಟೇಪು, ಒಂದು ಹೊದಿಕೆ, ಒಬ್ಬ ಪಾದ್ರಿಯ ಗಂಟಲು ಮಾಡಿವೆ.

ಸೋಮವಾರ ಬೆಳಿಗ್ಗೆ ನನ್ನ ಹೆಸರಿದ್ದ ಪುಟ ಪರದೆಯ ಮೇಲೆ ಬಂದೇಬಿಟ್ಟಿತ್ತು. ಅತ್ತೆ ಪ್ರಿಂಟರಿಗೆ ಹಾಕಲು ಒಳಗಿನ ಕೋಣೆಗೆ ಕಾಗದ ಹುಡುಕಲು ಹೋದಳು, ನಾನೂ ಹಿಂದೆ ಹೋದೆ. ಅಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ಕಿತಿಯೋನೆ ಬಂದ. ಅವನು ವೂನಿಸಿಗಾ ದ್ವೀಪದವನು. ವೂನಿಸಿಗಾದವರೂ ನಾವೂ ತೌವು. ನಿಮ್ಮ ಕಚೇರಿಯಲ್ಲಿ ಈ ಪತ್ರ ಓದಬಹುದಾದ ಹೊರಗಿನವರಿಗಾಗಿ ಹೇಳುತ್ತೇನೆ: ತೌವು ಎಂದರೆ ಒಂದೇ ಮೂಲದ ದೂರದ ಬಂಧುಗಳು. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗಬಹುದು. ಸಿಟ್ಟಾಗುವಂತಿಲ್ಲ, ನಗಬೇಕು.

"ಏನೇ ಅಲುಮಿತಾ, ನಿಮ್ಮೂರೋರಿಗೆ ಮೀನು ಹಿಡಿಯೋಕಂತೂ ಬರಲ್ಲ, ಈ ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಕೊಂಡು ಏನ್ ಮಾಡ್ತೀಯ? ನನ್ನ ಫ್ರೀಜರ್‌ಗೆ ಬೇಕು" ಎಂದು ಹೊರಗಿನಿಂದ ಕೂಗಿದ.

"ತಗೊಂಡ್ ಹೋಗೋ. ನಿಮ್ಮೂರಲ್ಲಿ ಕರೆಂಟ್ ಕಂಡೋರು ಯಾರಿದ್ದಾರೆ, ಪಾಪ" ಎಂದು ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟಳು. ತೌವುವಿಗೆ ಇಲ್ಲ ಎನ್ನುವ ನಾಲಿಗೆ ನಮ್ಮ ಕಡೆ ಯಾರಿಗೂ ಇಲ್ಲ. ಯಾವ ಬೋರ್ಡು ಎಂದು ಅವಳು ಯೋಚಿಸಲೇ ಇಲ್ಲ. ಕಂಪ್ಯೂಟರಿನ ಯುಪಿಎಸ್ ಕೀ ಕೀ ಎಂದಿತು, ಯಾರದೋ ಫೋನು ಅಂದುಕೊಂಡೆವು. ಕಾಗದ ಹಿಡಿದು ಬರುವ ಹೊತ್ತಿಗೆ ಪರದೆ ಕಪ್ಪು, ಅದಕ್ಕೆ ಕರೆಂಟು ಕೊಡುತ್ತಿದ್ದ ಬೋರ್ಡು ಮಾಯ. ಅತ್ತೆ ಪದ್ಧತಿಯಂತೆ ಮೊದಲು ನಕ್ಕಳು. ಆಮೇಲೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇನ್ನು ನಿಮ್ಮ ಸಹಾಯವಾಣಿ. ಮೊದಲ ಸಲ ರೀಸ್ಟಾರ್ಟ್ ಮಾಡಿ ಎಂದರು. ಎರಡನೆಯ ಸಲವೂ ಅದನ್ನೇ ಎಂದರು. ಆಫ್ ಆದದ್ದೇ ರೋಗ ಎಂದು ನಾನು ವಿವರಿಸುತ್ತಿರುವಾಗಲೇ ಮತ್ತೊಮ್ಮೆ ಆಫ್ ಮಾಡಿ ನೋಡಿ ಎಂದರು. ಕೊನೆಗೆ, ಡ್ರೈವ್ ಜೋಡಿಸಲು ಅರ್ಜಿ ನಮೂನೆ ತುಂಬಿ ಕಳಿಸಬೇಕು ಎಂದರು. ತುಂಬುತ್ತೇನೆ, ಹಾಸ್ಟೆಲಿನಲ್ಲಿ ನಾನು ಕಲಿತ ಒಂದೇ ವಿದ್ಯೆ ಅದು. ನಮೂನೆ ಎಲ್ಲಿದೆ?

"ಎಸ್ ಡ್ರೈವಲ್ಲಿ ಫಾರಂಸ್ ಅಂತ ಫೋಲ್ಡರ್ ಇದೆ ನೋಡಮ್ಮ, ಅದರಲ್ಲಿ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಅಂಟಿತು. ಸಹಾಯವಾಣಿಯವರು ಮಾತ್ರ ನಗಲಿಲ್ಲ. ಮೇಲ್‌ನಲ್ಲಿ ಕಳಿಸಿ ಎಂದು ಬೇಡಿದರೆ, ಹೊಸ ಆವೃತ್ತಿ ಡ್ರೈವಿನಲ್ಲಿ ಮಾತ್ರ ಸಿಗುತ್ತದೆ ಎಂದು ಫೋನಿಟ್ಟರು. ಬಾವಿಗೆ ಬಿದ್ದವನಿಗೆ ಹಗ್ಗ ಬಾವಿಯ ತಳದಲ್ಲಿದೆ, ಇಳಿದು ತಗೊಂಡು ಮೇಲೆ ಬಾ ಎನ್ನುವ ಈ ವ್ಯವಸ್ಥೆಗೆ ಸಂಬಳ ಪಡೆದು ತಲೆ ಓಡಿಸಿದವರು ಯಾರು, ಮಾನ್ಯರೇ?

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ಒಂದು ಟರ್ಮ್ ಕಂಪ್ಯೂಟರ್ ಓದಿದ ಧೈರ್ಯದಲ್ಲಿ ನಾನೇ ಡ್ರೈವ್ ಜೋಡಿಸಲು ಹೊರಟೆ. ಯಂತ್ರ ಅತ್ತೆಯ ಪಾಸ್‌ವರ್ಡ್ ಕೇಳಿತು. ಮೂರು ವರ್ಷದಿಂದ ಹಾಕದ ಪಾಸ್‌ವರ್ಡ್ ಅವಳಿಗೆ ನೆನಪಿಲ್ಲ. ಅವಳ ಮೂರು ಮಕ್ಕಳ ಹೆಸರು ಒಂದೊಂದಾಗಿ ಹಾಕಿದೆ. ಮೂರನೆಯ ಮಗುವಿಗೆ ಅವಳ ಖಾತೆಯೇ ಬೀಗ ಹಾಕಿಕೊಂಡಿತು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಸಾಮಾನ್ಯವಾಗಿ ನಾನು ಹಿರಿಯರ ಎದುರು ಸೀನಲೂ ಹೆದರುವವಳು. ಹಾಗಿದ್ದೂ ನಿಮಗೆ ಇಷ್ಟು ಒರಟಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಹಡಗು ಹೊರಡುವಾಗ ಕಿತಿಯೋನೆ ಓಡುತ್ತಾ ಬಂದ. ಬೋರ್ಡು ವಾಪಸ್ಸು ಕೊಟ್ಟ, ತಪ್ಪಿಗೆ ಒಂದು ದೊಡ್ಡ ಮೀನೂ ಕೊಟ್ಟ. ಆಮೇಲೆ ಮೆಲ್ಲಗೆ, "ಆ ಮಾಹಿತಿ ವಿಭಾಗದ ದೊಡ್ಡ ಸಾಹೇಬ ಇದ್ದಾನಲ್ಲ, ಅವನೂ ನಮ್ಮ ವೂನಿಸಿಗಾದೋನೇ ಕಣಮ್ಮ. ನೀನ್ಯಾಕೆ ಹೆದರ್ತೀಯ?" ಎಂದ.

ಹಡಗಿನಲ್ಲಿ ಈ ಸಲ ನನಗೆ ವಾಂತಿ ಆಗಲಿಲ್ಲ.

ಆದ್ದರಿಂದ, ತೌವು, ಮೇಲೆ ಬರೆದ ಯಾವ ಮಾತಿಗೂ ನೀವು ಸಿಟ್ಟಾಗುವಂತಿಲ್ಲ. ನಗುತ್ತಿದ್ದೀರಿ ಎಂದು ನಂಬಿದ್ದೇನೆ. ನನ್ನ ಬೇಡಿಕೆ ಇಷ್ಟೇ: ಶುಕ್ರವಾರ ಬೆಳಿಗ್ಗೆ ಎಂಟರೊಳಗೆ ನಾಲೋಮಾದ ಎಸ್ ಡ್ರೈವ್ ತೆರೆಯಲಿ, ಅತ್ತೆಯ ಖಾತೆಯ ಬೀಗ ಬಿಡಲಿ. ತೆರೆಯದಿದ್ದರೆ ಎಂಟೂ ಐದಕ್ಕೆ ನಾನೇ ನಿಮ್ಮ ಕೋಣೆಗೆ ಬರುತ್ತೇನೆ. ಕಿಟಕಿಯ ಪಕ್ಕದಲ್ಲಿರುವ ನಿಮ್ಮ ಹೊಸ ಕಂಪ್ಯೂಟರ್ ಬಸ್ ಸ್ಟಾಪಿನಿಂದಲೇ ನನ್ನ ಕಣ್ಣಿಗೆ ಬಿದ್ದಿದೆ. ಅದರಲ್ಲಿ ಎಸ್ ಡ್ರೈವ್ ಖಂಡಿತ ತೆರೆಯುತ್ತದೆ. ಮೊದಲು ನನ್ನ ಪುಟ ಪ್ರಿಂಟ್ ಮಾಡಿಕೊಂಡು, ಆಮೇಲೆ ಅದನ್ನು ಎತ್ತಿಕೊಂಡು ಹೋಗುತ್ತೇನೆ. ನೀವು ಇಲ್ಲ ಎನ್ನುವಂತಿಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ನಾನೇ ತರುತ್ತೇನೆ, ಸ್ವಲ್ಪ ಮೀನಿನ ವಾಸನೆ ಇದೆ. ಹೊದಿಕೆಯನ್ನು ಅತ್ತೆ ಈಗಾಗಲೇ ಹೊಲಿಯಲು ಕೂತಿದ್ದಾಳೆ.

ಇಂತಿ,
ಸದ್ಯ ಶುಕ್ರವಾರ ಸಂಜೆ ನಾಲ್ಕರವರೆಗೆ ಮಾತ್ರ ವಿದ್ಯಾರ್ಥಿನಿ,
ಸೆನಿಮೀಲಿ
ಪ್ರಥಮ ವರ್ಷ (ತಾತ್ಕಾಲಿಕ), ಮಹಿಳಾ ಹಾಸ್ಟೆಲ್, ನಿಮ್ಮ ನೀರಿನ ಟ್ಯಾಂಕಿನ ಎದುರು, ಸೂವಾ